ಅಡಿಕೆ ಸಂಘದ ಸಲಹೆ ಹುಡುಕಾಟ: ಕ್ಲೌಡ್ ಸರ್ಚ್ ಸೆಟ್ಟಿಂಗ್ ಕೋಡ್‌ಗೆ ಬಂದ ಒಂದು ಪ್ರಕರಣ

ಶಿವಮೊಗ್ಗ ಜಿಲ್ಲೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘ. ಹೆಸರು ಇಲ್ಲಿ ಬೇಡ. ಸದಸ್ಯರು ಕೇಳಿದ ಪ್ರಶ್ನೆ, ತಜ್ಞರು ಕೊಟ್ಟ ಉತ್ತರ, ಔಷಧಿ ಪ್ರಮಾಣ, ಕೊಯ್ಲಿನ ಸೂಚನೆ, ಹೀಗೆ ವರ್ಷಗಟ್ಟಲೆ ಕೂಡಿಟ್ಟ ಸಲಹೆಗಳು ಅವರ ಹತ್ತಿರ ಇವೆ. ಎಲ್ಲವೂ ಕನ್ನಡದಲ್ಲಿವೆ. ಇದನ್ನು ಮೊಬೈಲ್‌ನಲ್ಲಿ ಹುಡುಕಲಿ ಅಂತ ಹಿಂದೆಯೇ ಒಂದು ಆ್ಯಪ್ ಮಾಡಿಸಿದ್ದರು. ಆ್ಯಪಿನ ತೆರೆಮರೆಯಲ್ಲಿ ಹುಡುಕಾಟ ನಡೆಸುತ್ತಿದ್ದದ್ದು ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್ ಎಐ ಸರ್ಚ್. ಈ ಸೇವೆಗೆ ಮೊದಲು ಅಜೂರ್ ಸರ್ಚ್ ಅಂತ, 2019ರಿಂದ ಕಾಗ್ನಿಟಿವ್ ಸರ್ಚ್ ಅಂತ ಹೆಸರಿತ್ತು. ಈಗಿನ ಹೆಸರು 2023ರ ನವೆಂಬರ್‌ನಲ್ಲಿ ಬಂದದ್ದು.

ಸೇವೆ ಗಟ್ಟಿಯಾಗಿತ್ತು. ಆದರೂ ಬೆಳೆಗಾರರು ಸಂಘದ ಕೌಂಟರ್‌ಗೆ ಫೋನ್ ಮಾಡುವುದು ನಿಲ್ಲಲಿಲ್ಲ. ಕೌಂಟರಿನಲ್ಲಿ ಕೂತು ಕೇಳಿಸಿಕೊಂಡ ಮಾತು ಹೀಗಿತ್ತು:

"ತಂಗೀ, ಕೊಳೆಗೆ ಎಷ್ಟು ತುತ್ತ ಹಾಕ್ಬೇಕು?"

"ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ಗೌಡ್ರೇ. ಆ್ಯಪಲ್ಲೇ ಇದೆಯಲ್ಲ?"

"ಹುಡುಕ್ದೆ ಮಾರಾಯ್ತಿ, ಏನೂ ಬರಲ್ಲ."

ಉತ್ತರ ಸಂಗ್ರಹದಲ್ಲಿ ಇತ್ತು. ಆದರೆ ಅಲ್ಲಿ ಬರೆದದ್ದು "ಕೊಳೆರೋಗದ ಹತೋಟಿಗೆ ಶೇ. ೧ರ ಬೋರ್ಡೋ ದ್ರಾವಣ, ಕಾಪರ್ ಸಲ್ಫೇಟ್ ಒಂದು ಕೆಜಿ" ಅಂತ. ತುತ್ತ ಅಂದರೆ ಕಾಪರ್ ಸಲ್ಫೇಟೇ, ಆದರೆ ತುತ್ತ ಅನ್ನುವ ಪದ ಅಲ್ಲಿಲ್ಲ. "ಕೊಳೆಗೆ" ಅಂತ ಹುಡುಕಿದರೆ "ಕೊಳೆರೋಗದ" ಸಿಗುವುದಿಲ್ಲ. ಇದನ್ನು ಸರಿಪಡಿಸುವ ಕೆಲಸ ವಿನೋಬನಗರದಲ್ಲಿರುವ ನಮ್ಮ ಚಿಕ್ಕ ಸಾಫ್ಟ್‌ವೇರ್ ತಂಡಕ್ಕೆ ಬಂತು.

ಇದ್ದದ್ದು ಏನು

ಇಂಡೆಕ್ಸನ್ನು (ಹುಡುಕಲು ಆಗುವಂತೆ ದಾಖಲೆಗಳನ್ನು ಜೋಡಿಸಿಟ್ಟ ಪಟ್ಟಿ) ಯಾರೋ ಹಿಂದೆ ಪೋರ್ಟಲ್‌ನಲ್ಲಿ ಕೈಯಿಂದ ಕ್ಲಿಕ್ ಮಾಡಿ ಕಟ್ಟಿದ್ದರು. ಯಾವ ಫೀಲ್ಡ್‌ಗೆ ಯಾವ ಅನಲೈಸರ್, ಯಾಕೆ ಅದು, ಒಂದಕ್ಕೂ ಬರಹ ಇರಲಿಲ್ಲ. ಫೀಲ್ಡ್ ಅಂದರೆ ದಾಖಲೆಯ ಒಂದು ಅಂಕಣ, ಅನಲೈಸರ್ ಅಂದರೆ ಪಠ್ಯವನ್ನು ಹುಡುಕುವ ಪದಗಳಾಗಿ ಬಿಡಿಸುವ ಭಾಗ. ಪರೀಕ್ಷೆಗೆ ಇಟ್ಟ ಇಂಡೆಕ್ಸಿಗೂ ನಿಜವಾಗಿ ಓಡುತ್ತಿದ್ದ ಇಂಡೆಕ್ಸಿಗೂ ಹೊಂದಾಣಿಕೆ ಇರಲಿಲ್ಲ. ತಾಲ್ಲೂಕಿನ ಫೀಲ್ಡ್ ಒಂದು ಕಡೆ ಫಿಲ್ಟರ್ ಆಗುತ್ತಿತ್ತು, ಇನ್ನೊಂದು ಕಡೆ ಆಗುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ದಾಖಲೆಗಳೇ ಕಾಣೆಯಾಗಿದ್ದದ್ದು. ಸಂಘದಲ್ಲಿ ಸಲಹೆಗಳಿಗೆ "112/2016-17" ಎಂಬಂಥ ನಂಬರ್ ಇರುತ್ತದೆ. ಪ್ರತಿ ವರ್ಷ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಅಜೂರ್ ಇಂಡೆಕ್ಸಿನಲ್ಲಿ ಪ್ರತಿ ದಾಖಲೆಯನ್ನು ಗುರುತಿಸುವ ಕೀಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಂಡರ್‌ಸ್ಕೋರ್, ಸಮಚಿಹ್ನೆ ಇಷ್ಟಕ್ಕೇ ಅವಕಾಶ. ಓರೆಗೆರೆ ನಡೆಯುವುದಿಲ್ಲ. ಹಾಗಾಗಿ ಡೇಟಾ ಹಾಕಿದವರು ಓರೆಗೆರೆಗಿಂತ ಮುಂಚಿನ ಅಂಕಿಯನ್ನಷ್ಟೇ ಕೀ ಮಾಡಿಕೊಂಡಿದ್ದರು. ಒಂದೇ ಕೀ ಇರುವ ದಾಖಲೆಯನ್ನು ಮತ್ತೆ ಅಪ್‌ಲೋಡ್ ಮಾಡಿದರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಎಚ್ಚರಿಕೆ ಏನೂ ಬರುವುದಿಲ್ಲ. ಸೇವೆ ಹಾಗೆಯೇ ಕೆಲಸ ಮಾಡಬೇಕು, ಅದರಲ್ಲಿ ತಪ್ಪಿಲ್ಲ. ಆದರೆ 2017-18ರ 112ನೇ ಸಲಹೆ ಬಂದಾಗ 2016-17ರ 112 ಅಳಿಸಿಹೋಗಿತ್ತು. ಸಂಗ್ರಹದ ಹಳೆಯ ಭಾಗ ಹೀಗೆ ಸದ್ದಿಲ್ಲದೆ ಖಾಲಿಯಾಗಿತ್ತು. ತೋಟದ ಮಣ್ಣು ಗೊತ್ತಿದ್ದ ಹಿರಿಯರು ಕೂತು ಬರೆದ ಉತ್ತರಗಳು ಅವು. ಮೂಲ ಫೈಲುಗಳನ್ನು ಸಂಘದವರು ಜೋಪಾನವಾಗಿ ಇಟ್ಟಿದ್ದರು, ಅದರಿಂದ ಎಲ್ಲ ವಾಪಸ್ ಬಂದವು.

ಬಿಲ್ಡರ್ ಯಾಕೆ

ಸೆಟ್ಟಿಂಗ್ ಎಲ್ಲ ಕೋಡ್‌ನಲ್ಲಿ ಇರಬೇಕು ಅನ್ನುವುದರಲ್ಲಿ ನಮ್ಮಲ್ಲಿ ಎರಡು ಮಾತಿರಲಿಲ್ಲ. ಯಾವ ರೂಪದಲ್ಲಿ ಅನ್ನುವುದಷ್ಟೇ ಪ್ರಶ್ನೆ. ಸೆಟ್ಟಿಂಗ್ ಎಲ್ಲ ಪಠ್ಯವಾಗಿ ಬರೆದ ಉದ್ದದ ಜೇಸನ್ ಫೈಲ್ ಇಡಬಹುದಿತ್ತು. ಅದರಲ್ಲಿ ತಪ್ಪಿದ್ದರೆ ಸೇವೆ ತಿರಸ್ಕರಿಸಿದ ಮೇಲೆಯೇ ತಿಳಿಯುತ್ತದೆ. ಇನ್ನು ಕೆಲವು ತಪ್ಪುಗಳನ್ನು ಸೇವೆ ತಿರಸ್ಕರಿಸುವುದೂ ಇಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಅವು ತಪ್ಪೇ ಅಲ್ಲ.

ಡಾಟ್‌ನೆಟ್‌ಗೆ (ಪ್ರೋಗ್ರಾಂ ಬರೆಯುವ ಒಂದು ವೇದಿಕೆ) ಮೈಕ್ರೋಸಾಫ್ಟ್ ಕೊಡುವ ಲೈಬ್ರರಿಯಲ್ಲೇ ಫೀಲ್ಡ್‌ಬಿಲ್ಡರ್ ಅಂತ ಒಂದಿದೆ. ಸಿ ಶಾರ್ಪ್ ಭಾಷೆಯಲ್ಲಿ ಬರೆದ ಕ್ಲಾಸಿನ ಮೇಲೆ ಗುರುತುಗಳನ್ನು ಹಚ್ಚಿದರೆ ಸಾಕು. ಇದು ಕೀ, ಇದನ್ನು ಹುಡುಕಬಹುದು, ಇದನ್ನು ಫಿಲ್ಟರ್ ಮಾಡಬಹುದು ಅಂತ ಓದಿಕೊಂಡು ಅದು ಫೀಲ್ಡ್‌ಗಳನ್ನು ತಾನೇ ಕಟ್ಟಿಕೊಡುತ್ತದೆ. ಸರಳ ಇಂಡೆಕ್ಸಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಸಂಘದ ಗೊಬ್ಬರ, ಔಷಧಿ, ದೋಟಿ ಮುಂತಾದವುಗಳ ದರಪಟ್ಟಿಗೆ ನಾವು ಅದನ್ನೇ ಬಳಸಿದೆವು, ಈಗಲೂ ಹಾಗೇ ಇದೆ.

ಸಲಹೆಗಳ ಇಂಡೆಕ್ಸಿಗೆ ಅದು ಸಾಲಲಿಲ್ಲ. ಒಂದು ಕನ್ನಡ ಪಠ್ಯವನ್ನು ಸರಿಯಾಗಿ ಹುಡುಕಬೇಕಾದರೆ ಎರಡು ಫೀಲ್ಡ್, ಎರಡು ಅನಲೈಸರ್, ಒಂದು ಸಮಾನಪದಗಳ ಪಟ್ಟಿ, ಅಂಕ ಕೊಡುವ ನಿಯಮ ಎಲ್ಲ ಒಟ್ಟಿಗೆ ಬೇಕು. ಒಂದು ಬಿಟ್ಟುಹೋದರೂ ಹುಡುಕಾಟ ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ, ಫಲಿತಾಂಶ ಮಾತ್ರ ಕೆಡುತ್ತದೆ. ಹಾಗಾಗಿ ನಮ್ಮದೇ ಬಿಲ್ಡರ್, ಅಂದರೆ ಇಂಡೆಕ್ಸಿನ ವಿವರವನ್ನು ಹಂತಹಂತವಾಗಿ ಕಟ್ಟುವ ಕೋಡ್, ಬರೆದೆವು. ಅದರಲ್ಲಿ "ಕನ್ನಡ ಪಠ್ಯ ಸೇರಿಸು" ಅನ್ನುವ ಅರ್ಥದ ಒಂದೇ ಕರೆ (ಫಂಕ್ಷನ್) ಇದೆ. ಅದನ್ನು ಕರೆದರೆ ಈ ನಾಲ್ಕೂ ಒಟ್ಟಿಗೆ ಬರುತ್ತವೆ. ಬೇರೆ ಬೇರೆಯಾಗಿ ಸೇರಿಸಲು ದಾರಿಯನ್ನೇ ಇಟ್ಟಿಲ್ಲ.

ಬಿಲ್ಡರ್ ಅಂದರೆ ಚುಕ್ಕಿ ಹಾಕಿ ಒಂದರ ಹಿಂದೆ ಒಂದು ಕರೆ ಜೋಡಿಸುವ ಚೆಂದದ ಬರವಣಿಗೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಇದ್ದರೆ ಒಳ್ಳೆಯದೇ. ಆದರೆ ಅದರ ನಿಜವಾದ ಉಪಯೋಗ ಅರೆಬರೆ ಕಟ್ಟಿದ್ದನ್ನು ಹೊರಗೆ ಬಿಡದೆ ಇರುವುದು. ಕೊನೆಯ ಬಿಲ್ಡ್ ಕರೆಯವರೆಗೆ ಇಂಡೆಕ್ಸ್ ಅನ್ನುವುದು ಇಲ್ಲವೇ ಇಲ್ಲ. ಆ ಕರೆಯಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಿ, ಸರಿಯಿದ್ದರೆ ಮಾತ್ರ ವಿವರ ಕೈಗೆ ಸಿಗುತ್ತದೆ.

ಕನ್ನಡದ ಕಷ್ಟಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಜಾಸ್ತಿ ಕೆಲಸ ಇದ್ದದ್ದು ಇಲ್ಲೇ.

ಈ ಸೇವೆಯಲ್ಲಿ ಕನ್ನಡಕ್ಕೆ ಅಂತಲೇ ಮೈಕ್ರೋಸಾಫ್ಟ್‌ನ ಒಂದು ಅನಲೈಸರ್ ಇದೆ. ಮೊದಲು ಅದನ್ನೇ ನೋಡಿದೆವು. ಆದರೆ ಸಿದ್ಧ ಭಾಷಾ ಅನಲೈಸರ್ ಇದ್ದ ಹಾಗೇ ಬಳಸಬೇಕು. ಪಠ್ಯ ಅದರ ಒಳಗೆ ಹೋಗುವ ಮೊದಲು ತೊಳೆಯುವ ಕ್ಯಾರೆಕ್ಟರ್ ಫಿಲ್ಟರ್ ಸೇರಿಸಲು ಬರುವುದಿಲ್ಲ. ನಮಗೆ ಬೇಕಾಗಿದ್ದದ್ದು ಅದೇ.

ಯಾಕೆ ಅಂದರೆ, "ಪಂಪ್‌ಸೆಟ್" ಅಂತ ಬರೆಯುವಾಗ ಪ ಮತ್ತು ಸೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂರುತ್ತದೆ. ಒತ್ತಕ್ಷರ ಆಗದಂತೆ ತಡೆಯುವ ಚಿಹ್ನೆ ಅದು. ಕೆಲವರ ಕೀಬೋರ್ಡ್ ಅದನ್ನು ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ಹಾಕದಿದ್ದರೆ "ಪಂಪ್ಸೆಟ್" ಆಗುತ್ತದೆ. ಓದುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಪದ. ಇಂಗ್ಲಿಷ್ ಪದಕ್ಕೆ ವಿಭಕ್ತಿ ಸೇರಿದ ಕಡೆಯೆಲ್ಲ, "ಸ್ಪ್ರಿಂಕ್ಲರ್‌ಗೆ", "ಎಕರೆಗೆ ಲೀಟರ್‌ನಂತೆ" ಅನ್ನುವಲ್ಲೆಲ್ಲ, ಇದೇ ಕಥೆ. ಹಾಗಾಗಿ ಮೊದಲ ಹಂತದಲ್ಲೇ ಆ ಚಿಹ್ನೆಯನ್ನು ತೆಗೆದುಹಾಕುವ ಮ್ಯಾಪಿಂಗ್ ಫಿಲ್ಟರ್ ಇಟ್ಟೆವು. ಅದರಲ್ಲೇ ಕನ್ನಡ ಅಂಕಿಗಳನ್ನು 0ಯಿಂದ 9ಕ್ಕೆ ಬದಲಿಸಿದೆವು. ಹಳೆಯ ಬರಹಗಳಲ್ಲಿ "ಶೇ. ೧" ಇದೆ, ಈಗಿನವರು "1" ಅಂತ ಒತ್ತುತ್ತಾರೆ. ಆಮೇಲೆ ಪಠ್ಯವನ್ನು ಪದಗಳಾಗಿ ಬಿಡಿಸುವ ಸ್ಟ್ಯಾಂಡರ್ಡ್ ಟೋಕನೈಸರ್, ಇಂಗ್ಲಿಷ್ ಪದಗಳನ್ನು ಸಣ್ಣಕ್ಷರ ಮಾಡುವ ಲೋವರ್‌ಕೇಸ್, ಕೊನೆಗೆ ಭಾರತೀಯ ಲಿಪಿಗಳ ಯೂನಿಕೋಡ್ ರೂಪವನ್ನು ಒಂದೇ ಥರ ಮಾಡುವ ಇಂಡಿಕ್ ನಾರ್ಮಲೈಸೇಶನ್. ಇದು ಮೊದಲ ಫೀಲ್ಡ್. ಪದ ಪೂರ್ತಿ ಹೊಂದಿದರೆ ಮಾತ್ರ ಇದರಲ್ಲಿ ಸಿಗುತ್ತದೆ.

ಎರಡನೆಯ ಫೀಲ್ಡ್ ವಿಭಕ್ತಿಗಳಿಗಾಗಿ. ಅಡಿಕೆ, ಅಡಿಕೆಗೆ, ಅಡಿಕೆಯಲ್ಲಿ, ಅಡಿಕೆಯನ್ನು. ಕನ್ನಡದಲ್ಲಿ ಬಾಲ ಬೆಳೆಯುತ್ತಾ ಹೋಗುತ್ತದೆ, ತಲೆ ಹೆಚ್ಚಾಗಿ ಹಾಗೇ ಇರುತ್ತದೆ. ಅದಕ್ಕೆ ಪ್ರತಿ ಪದದ ಆರಂಭದ ತುಂಡುಗಳನ್ನೂ ಇಂಡೆಕ್ಸಿನಲ್ಲಿ ಇಡುವ ಎಡ್ಜ್ ಎನ್‌ಗ್ರಾಂ ಫಿಲ್ಟರ್ ಬಳಸಿದೆವು. ತುಂಡು ಕನಿಷ್ಠ ಎಷ್ಟು ಉದ್ದ ಇರಬೇಕು ಅನ್ನುವುದರ ಮೇಲೆ ನಮ್ಮಲ್ಲಿ ದೊಡ್ಡ ಚರ್ಚೆಯೇ ಆಯಿತು.

"ಅಡಿಕೆ" ನಮ್ಮ ಬಾಯಲ್ಲಿ ಮೂರು ಅಕ್ಷರ. ಯೂನಿಕೋಡಿನಲ್ಲಿ ಐದು, ಏಕೆಂದರೆ ಸ್ವರಚಿಹ್ನೆಗಳನ್ನು ಅಲ್ಲಿ ಬೇರೆಯಾಗಿ ಎಣಿಸುತ್ತಾರೆ. ಕನಿಷ್ಠ ಮೂರು ಅಂತ ಇಟ್ಟರೆ "ಅಡಿಕೆ"ಯಿಂದ ಹೊರಡುವ ಮೊದಲ ತುಂಡು "ಅಡಿ". ಸಸಿ ನೆಡುವ ಅಂತರ ಒಂಬತ್ತು ಅಡಿಯೋ ಎಷ್ಟೋ ಅಂತ ಯಾರಾದರೂ "ಅಡಿ" ಹುಡುಕಿದರೆ ಅಡಿಕೆ ಅಂತ ಬರೆದ ಪ್ರತಿಯೊಂದು ಸಲಹೆಯೂ ಮೇಲೆ ಬಂದು ಬೀಳುತ್ತದೆ. ಅಡಿಕೆ ಸಂಘದ ಸಂಗ್ರಹದಲ್ಲಿ ಅಡಿಕೆ ಅಂತ ಬರೆಯದ ಸಲಹೆ ಎಲ್ಲಿದೆ? ಐದು ಅಂತ ಇಟ್ಟರೆ ಈ ತೊಂದರೆ ಇಲ್ಲ, ಆದರೆ "ಕೊಳೆ" ಅಂದರೆ "ಕೊಳೆರೋಗ" ಸಿಗುವುದಿಲ್ಲ. ಕೊಳೆ ಯೂನಿಕೋಡಿನಲ್ಲಿ ನಾಲ್ಕೇ. ಗೊನೆಯೂ ನಾಲ್ಕು. ಹಾಗಾಗಿ ನಾಲ್ಕಕ್ಕೆ ನಿಂತೆವು. "ರೋಗ", "ಎಲೆ", "ಮರ" ಇವೆಲ್ಲ ನಾಲ್ಕಕ್ಕಿಂತ ಚಿಕ್ಕವು. ಅವುಗಳ ವಿಭಕ್ತಿ ರೂಪಗಳನ್ನು ಸಮಾನಪದಗಳ ಪಟ್ಟಿಗೆ ಬಿಟ್ಟೆವು.

ತುಂಡು ಮಾಡುವುದು ಇಂಡೆಕ್ಸಿಗೆ ಹಾಕುವಾಗ ಮಾತ್ರ. ಹುಡುಕುವವರ ಪದವನ್ನು ತುಂಡು ಮಾಡಬಾರದು, ಮಾಡಿದರೆ ಎಲ್ಲಕ್ಕೂ ಎಲ್ಲವೂ ಹೊಂದಿಬಿಡುತ್ತದೆ. ಅದಕ್ಕೆ ಈ ಫೀಲ್ಡ್‌ಗೆ ಹಾಕುವಾಗಿನ ಅನಲೈಸರ್ ಒಂದು, ಹುಡುಕುವಾಗಿನದು ಇನ್ನೊಂದು. ಎರಡನ್ನೂ ಜೊತೆಗೇ ಕೊಡಬೇಕು, ಸಾಮಾನ್ಯ ಅನಲೈಸರ್ ಹೆಸರನ್ನು ಆಗ ಕೊಡಬಾರದು ಅನ್ನುವುದು ಸೇವೆಯ ನಿಯಮ. ನಮ್ಮ ಬಿಲ್ಡರ್‌ನಲ್ಲಿ ಇದನ್ನು ಯಾರೂ ನೆನಪಿಡಬೇಕಾಗಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಪೇಚು ಇದೆ. ಸೊಪ್ಪಿನ ಬೆಟ್ಟದ ಬಗ್ಗೆ ಕೇಳುವವರು ಇದ್ದಾರೆ, ಮಾರುಕಟ್ಟೆಯಲ್ಲಿ ಬೆಟ್ಟೆ ಎಂಬ ದರ್ಜೆಯ ಅಡಿಕೆಯ ಬಗ್ಗೆ ಕೇಳುವವರೂ ಇದ್ದಾರೆ. "ಬೆಟ್ಟ" ಅನ್ನುವುದು "ಬೆಟ್ಟೆ"ಯ ಆರಂಭದ ತುಂಡೇ ಆಗಿಬಿಡುತ್ತದೆ. ಸ್ಕೋರಿಂಗ್ ಪ್ರೊಫೈಲ್, ಅಂದರೆ ಮೊದಲು ಹೇಳಿದ ಅಂಕ ಕೊಡುವ ನಿಯಮ, ಇರುವುದು ಇದಕ್ಕೇ. ಪೂರ್ತಿ ಪದದ ಫೀಲ್ಡ್‌ಗೆ ತೂಕ ಜಾಸ್ತಿ, ತುಂಡಿನ ಫೀಲ್ಡ್‌ಗೆ ಕಡಿಮೆ. ಬೆಟ್ಟ ಅಂದರೆ ಸೊಪ್ಪಿನ ಬೆಟ್ಟ ಮೇಲೆ ಬರುತ್ತದೆ, ಬೆಟ್ಟೆಯ ದರ ಕೆಳಗೆ ಉಳಿಯುತ್ತದೆ.

ಕೌಂಟರಿನ ಪದಗಳು

ಸಮಾನಪದಗಳ ಪಟ್ಟಿ ಬರೆದದ್ದು ನಾವಲ್ಲ. ಕೌಂಟರಿನಲ್ಲಿ ಫೋನ್ ಎತ್ತುವ ಹೆಣ್ಣುಮಗಳು ರೈತರು ಆಡುವ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರು. ತುತ್ತ, ಮೈಲುತುತ್ತ, ಕಾಪರ್ ಸಲ್ಫೇಟ್ ಒಂದು ಗುಂಪು. ಬೋರ್ಡೋ ದ್ರಾವಣ, ಬೋರ್ಡೋ ಮಿಶ್ರಣ ಇನ್ನೊಂದು. ಪಂಪ್ ಸೆಟ್ ಅಂತ ಬಿಡಿಸಿ ಬರೆದದ್ದೂ ಸೇರಿತು. ಮೆಣಸು, ಮೆಣಸಿನ, ಮೆಣಸಿಗೆ ಕೂಡ ಇಲ್ಲೇ ಬಂದವು. ಮೆಣಸು ಮೆಣಸಿನ ಆಗುವಾಗ ಕೊನೆಯ ಉಕಾರವೇ ಬಿದ್ದುಹೋಗುತ್ತದೆ, ಆರಂಭದ ತುಂಡಿನಿಂದ ಅದನ್ನು ಹಿಡಿಯಲು ಆಗುವುದಿಲ್ಲ. ಮಣ್ಣು, ಮಣ್ಣಿನ, ಮಣ್ಣಿಗೆ ಕೂಡ ಹಾಗೇ.

ಕೆಲವನ್ನು ಒಂದೇ ದಿಕ್ಕಿಗೆ ಇಟ್ಟೆವು. "ಕೊಳೆ", "ಕೊಳೆಗೆ" ಅಂದರೆ ಕೊಳೆರೋಗವನ್ನೂ ಹುಡುಕು. ಆದರೆ ಕೊಳೆರೋಗ ಅಂತ ಸರಿಯಾಗಿ ಕೇಳಿದವರಿಗೆ ಕೊಳೆತ ಎಲೆ, ಕೊಳೆ ಗೊಬ್ಬರ ತೋರಿಸಬಾರದು. ರಾಶಿಯನ್ನು ಯಾವುದಕ್ಕೂ ಜೋಡಿಸಲಿಲ್ಲ. ಅದು ಅಡಿಕೆಯ ದರ್ಜೆಯೂ ಹೌದು, ಅಂಗಳದಲ್ಲಿ ಸುರಿದದ್ದೂ ಹೌದು. ಯಾವುದು ಅನ್ನುವುದು ಉಳಿದ ಪದಗಳಿಂದ ತಿಳಿಯಲಿ.

ಊರಿನ ಹೆಸರುಗಳಿಗೆ ಮಾತ್ರ ಈ ಪಟ್ಟಿ ಸಾಲುವುದಿಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಶಿಮೊಗ ಹೋಗಿ ಶಿವಮೊಗ್ಗ ಆಯಿತಲ್ಲ. ಹಳೆಯ ದಾಖಲೆಗಳಲ್ಲಿ ಹಳೆಯ ಸ್ಪೆಲಿಂಗೇ ಇದೆ. ತೀರ್ಥಹಳ್ಳಿ, ಸೊರಬ, ಶಿಕಾರಿಪುರಗಳಿಗೂ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. ಪಠ್ಯ ಹುಡುಕುವಾಗ ಸಮಾನಪದ ಕೆಲಸ ಮಾಡುತ್ತದೆ, ಫಿಲ್ಟರ್‌ನಲ್ಲಿ ಮಾಡುವುದಿಲ್ಲ. ಹಾಗಾಗಿ ಜಿಲ್ಲೆಯ ಏಳು ತಾಲ್ಲೂಕಿಗೂ ಒಂದೊಂದು ಕೋಡ್ ಕೊಟ್ಟು, ದಾಖಲೆ ಒಳಗೆ ಬರುವಾಗಲೇ ಬದಲಿಸಿದೆವು.

ಬಿಲ್ಡ್ ಬೇರೆ, ಹಚ್ಚುವುದು ಬೇರೆ

ಬಿಲ್ಡ್ ಹಂತದಲ್ಲಿ ಇಂಟರ್‌ನೆಟ್ ಬೇಕಾಗಿಲ್ಲ. ಮಳೆಗಾಲದಲ್ಲಿ ಲೈನ್ ಹೋಗಿದ್ದರೂ ಈ ಕೆಲಸ ನಡೆಯುತ್ತದೆ. ಕೀ ಒಂದೇ ಇದೆಯಾ, ಅದು ಸ್ಟ್ರಿಂಗ್ (ಪಠ್ಯ) ಹೌದಾ, ಕೀಗೆ ಬರುವ ನಂಬರ್ ಓರೆಗೆರೆ, ವರ್ಷ ಸಮೇತ ಪೂರ್ತಿಯಾಗಿ ಬೇಸ್64 (ಕೀ ಒಪ್ಪುವ ಅಕ್ಷರಗಳಲ್ಲೇ ಬರೆಯುವ ವಿಧಾನ) ಆಗಿ ಬದಲಾಗುತ್ತದಾ, ಪ್ರೊಫೈಲಿನಲ್ಲಿ ಹೇಳಿದ ಫೀಲ್ಡ್ ನಿಜಕ್ಕೂ ಇದೆಯಾ ಅಂತ ನೋಡುತ್ತದೆ. ತಪ್ಪುಗಳನ್ನು ಒಂದೊಂದಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ. ಸಿಕ್ಕಿದ ವಿವರವನ್ನು ಆಮೇಲೆ ಯಾರೂ ತಿದ್ದಲು ಬರುವುದಿಲ್ಲ.

ಎರಡನೆಯ ಹಂತ ಆ ವಿವರವನ್ನು ಓಡುತ್ತಿರುವ ಇಂಡೆಕ್ಸಿನ ಜೊತೆ ಹೋಲಿಸುತ್ತದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಇದು. ಈ ಸೇವೆಯಲ್ಲಿ ಕೆಲವನ್ನು ಯಾವಾಗ ಬೇಕಾದರೂ ಬದಲಿಸಬಹುದು: ಹೊಸ ಫೀಲ್ಡ್, ಸಮಾನಪದಗಳು, ಸ್ಕೋರಿಂಗ್ ಪ್ರೊಫೈಲ್, ಹುಡುಕುವಾಗಿನ ಅನಲೈಸರ್. ಹೊಸ ಅನಲೈಸರ್‌ನ ವಿವರಣೆ ಸೇರಿಸಬೇಕಾದರೆ ಇಂಡೆಕ್ಸ್ ಕೆಲವು ಸೆಕೆಂಡು ನಿಲ್ಲುತ್ತದೆ, ಅದಕ್ಕೆ ನಾವೇ ಒಪ್ಪಿಗೆ ಕೊಡಬೇಕು. ಆದರೆ ಇರುವ ಫೀಲ್ಡಿನ ಟೈಪ್, ಇಂಡೆಕ್ಸಿಗೆ ಹಾಕುವಾಗಿನ ಅನಲೈಸರ್, ಫಿಲ್ಟರ್ ಆಗಬೇಕೋ ಬೇಡವೋ ಅನ್ನುವುದು, ಇವು ಸಸಿ ನೆಟ್ಟ ಮೇಲೆ ತೋಟದ ಸಾಲು ಬದಲಿಸಿದ ಹಾಗೆ. ಕಿತ್ತು ಹೊಸದಾಗಿ ನೆಡಬೇಕು, ಅಂದರೆ ಹೊಸ ಇಂಡೆಕ್ಸ್ ಕಟ್ಟಿ ಎಲ್ಲ ದಾಖಲೆ ಮತ್ತೆ ತುಂಬಬೇಕು.

ನಮ್ಮ ಹೋಲಿಕೆ ಪ್ರತಿ ಬದಲಾವಣೆಯನ್ನೂ ಈ ಮೂರು ಗುಂಪಿನಲ್ಲಿ ಒಂದಕ್ಕೆ ಹಾಕುತ್ತದೆ. ಮೊದಲ ಗುಂಪು ತಾನಾಗೇ ಹೋಗುತ್ತದೆ. ಎರಡನೆಯದಕ್ಕೆ ಒಬ್ಬರು ಹ್ಞೂಂ ಅನ್ನಬೇಕು. ಮೂರನೆಯದು ಬಂದರೆ ಇರುವ ಇಂಡೆಕ್ಸನ್ನು ಮುಟ್ಟದೆ, ಹೆಸರಿನ ಕೊನೆಗೆ ಮುಂದಿನ ಸಂಖ್ಯೆ ಹಾಕಿ ಹೊಸದನ್ನು ಕಟ್ಟುತ್ತದೆ. ಹೀಗಿರುವುದರಿಂದ ಹೊಸದಾಗಿ ಸೇರಿದ ಹುಡುಗನೂ ಧೈರ್ಯವಾಗಿ ಕೋಡ್ ತಿದ್ದುತ್ತಾನೆ.

ಪರೀಕ್ಷೆಗೆ ಉಚಿತ ಸೇವೆಯನ್ನೇ ಬಳಸಿದೆವು. ಅದರಲ್ಲಿ ಮೂರು ಇಂಡೆಕ್ಸ್, 50 ಎಂಬಿ ಜಾಗ ಅಷ್ಟೇ. ಸಂಖ್ಯೆ ಹಾಕುತ್ತಾ ಹೋದರೆ ಬೇಗ ತುಂಬುತ್ತದೆ, ಹಾಗಾಗಿ ಪರೀಕ್ಷೆ ಮುಗಿದ ಕೂಡಲೇ ಅಳಿಸುವ ಕೋಡ್ ಬರೆದೆವು. ನೋಟ್‌ಬುಕ್ಕಿನ ಪದಗಳನ್ನೇ ಜೋಡಿ ಮಾಡಿ, ಇದನ್ನು ಕೇಳಿದರೆ ಇದು ಸಿಗಬೇಕು, ಇದು ಮೇಲೆ ಬರಬಾರದು ಅಂತ ಪಟ್ಟಿ ಮಾಡಿದೆವು. ಪಠ್ಯವೊಂದನ್ನು ಅನಲೈಸರ್ ಹೇಗೆ ತುಂಡು ಮಾಡುತ್ತದೆ ಅಂತ ತೋರಿಸುವ ಕರೆ ಸೇವೆಯಲ್ಲೇ ಇದೆ. ಯಾವುದಾದರೂ ಜೋಡಿ ಪರೀಕ್ಷೆಯಲ್ಲಿ ಫೇಲಾದರೆ ಮೊದಲು ನೋಡುವುದು ಅದನ್ನೇ.

ಮಳೆಗೆ ಮುಂಚೆ

ಬೋರ್ಡೋ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ಅದಾದ 40-45 ದಿನಕ್ಕೆ. ಪ್ರಶ್ನೆಗಳ ಹೊಳೆ ಹರಿಯುವುದು ಆಗಲೇ. ಸಂಘದ ಕಾರ್ಯದರ್ಶಿಗಳು ಒಂದೇ ಮಾತು ಹೇಳಿದ್ದರು: "ಮಳೆ ಶುರುವಾದ ಮೇಲೆ ಏನೂ ಮುಟ್ಟಬೇಡಿ." ಹಾಗಾಗಿ ಮೇ ತಿಂಗಳಲ್ಲೇ ಹೊಸ ಇಂಡೆಕ್ಸ್ ಕಟ್ಟಿ ತುಂಬಿದೆವು. ಒಂದು ಸಲಕ್ಕೆ ಹೆಚ್ಚೆಂದರೆ 1000 ದಾಖಲೆ ಅಥವಾ 16 ಎಂಬಿ ಕಳಿಸಬಹುದು. ಅದರಲ್ಲಿ ಕೆಲವು ಒಳಗೆ ಹೋಗಿ ಕೆಲವು ಹೋಗದೆ ಇರಬಹುದು, ಆದ್ದರಿಂದ ಪ್ರತಿ ದಾಖಲೆಯ ಉತ್ತರವನ್ನೂ ಓದಿ, ಕೊನೆಗೆ ಮೂಲ ಫೈಲಿನ ಎಣಿಕೆಗೂ ಇಂಡೆಕ್ಸಿನ ಎಣಿಕೆಗೂ ತಾಳೆ ನೋಡಿದೆವು. ಎರಡೂ ಸರಿಹೊಂದಿದ ಮೇಲೆ ಆ್ಯಪ್ ನೋಡುವ ಇಂಡೆಕ್ಸಿನ ಹೆಸರು ಬದಲಾಯಿತು. ಹಳೆಯದು ಎರಡನೆಯ ಸಿಂಪಡಣೆ ಮುಗಿಯುವವರೆಗೂ ಪಕ್ಕದಲ್ಲೇ ಇತ್ತು, ವಾಪಸ್ ಹೋಗುವ ಅಗತ್ಯ ಬರಲಿಲ್ಲ.

ಇದೇ ಹೊತ್ತಿಗೆ ಆ್ಯಪಿನೊಳಗೆ ಕೂತಿದ್ದ ಅಡ್ಮಿನ್ ಕೀ (ದಾಖಲೆಯ ಕೀ ಅಲ್ಲ, ಸೇವೆಯಲ್ಲಿ ಎಲ್ಲವನ್ನೂ ಬದಲಿಸಬಲ್ಲ ಗುಪ್ತ ಸಂಕೇತ) ತೆಗೆದು, ಹುಡುಕಲು ಮಾತ್ರ ಬರುವ ಕ್ವೆರಿ ಕೀ ಇಟ್ಟೆವು. ಹೊಸ ಅಡ್ಮಿನ್ ಕೀ ಹುಟ್ಟಿಸಿ ಹಳೆಯದನ್ನು ರದ್ದು ಮಾಡಿದೆವು.

ಈಗ ತುತ್ತ ಅಂದರೂ ಬೋರ್ಡೋ ತಯಾರಿಸುವ ಸಲಹೆ ಮೇಲೆ ಬರುತ್ತದೆ. ಕೌಂಟರಿಗೆ ಫೋನ್ ಇನ್ನೂ ಬರುತ್ತವೆ, ಆದರೆ ಆ್ಯಪಿನಲ್ಲಿ ಓದಿದ್ದನ್ನು ತಮ್ಮ ತೋಟಕ್ಕೆ ಹೊಂದಿಸುವುದು ಹೇಗೆ ಅಂತ ಕೇಳುವವರು ಅದರಲ್ಲಿ ಹೆಚ್ಚು. ಹೊಸ ಪದ ಸಿಕ್ಕಾಗ ಅದೇ ಹೆಣ್ಣುಮಗಳು ಪಟ್ಟಿಯ ಫೈಲಿಗೆ ಸೇರಿಸುತ್ತಾರೆ. ಜೋಡಿಗಳ ಪರೀಕ್ಷೆ ಓಡುತ್ತದೆ, ಪಾಸಾದರೆ ಹೋಗುತ್ತದೆ. ಸಮಾನಪದ ಹುಡುಕುವ ಹೊತ್ತಿಗೆ ಕೆಲಸ ಮಾಡುವುದರಿಂದ ಇಂಡೆಕ್ಸ್ ಮತ್ತೆ ತುಂಬಬೇಕಾಗಿಲ್ಲ.

ಎರಡು ಕೆಲಸ ಬಾಕಿ ಇವೆ. ಮೈಕ್ರೋಸಾಫ್ಟ್‌ನ ಕನ್ನಡ ಸ್ಟೆಮ್ಮಿಂಗ್ ಟೋಕನೈಸರನ್ನು (ಪದದ ಮೂಲರೂಪ ಹಿಡಿಯುವ ಭಾಗ) ನಮ್ಮದೇ ಅನಲೈಸರ್ ಒಳಗೆ, ಅದೃಶ್ಯ ಚಿಹ್ನೆ ತೆಗೆಯುವ ಫಿಲ್ಟರ್ ಜೊತೆಗೆ, ಬಳಸಲು ಬರುತ್ತದೆ. ಅದನ್ನು ಮೂರನೆಯ ಫೀಲ್ಡ್ ಆಗಿ ಸೇರಿಸಿ, ಕೌಂಟರಿನ ಜೋಡಿಗಳ ಮೇಲೆ ಅಳೆದು ನೋಡಬೇಕು. ಮೆಣಸು, ಮಣ್ಣುಗಳಂಥ ಪದಗಳು ಅದರಲ್ಲಿ ಗೆದ್ದರೆ ಪಟ್ಟಿಯಲ್ಲಿ ಅವುಗಳ ಸಾಲು ತೆಗೆಯಬಹುದು. ಇನ್ನೊಂದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರದು. ಕೊಳೆರೋಗವನ್ನು ಎಲ್ ಒಂದು ಹಾಕಿ, ಎರಡು ಹಾಕಿ, ನಡುವೆ ಜಾಗ ಬಿಟ್ಟು, ಬಿಡದೆ ಬರೆಯುತ್ತಾರೆ. ಸದ್ಯಕ್ಕೆ ಹೆಚ್ಚು ಬರುವ ರೂಪಗಳು ಮಾತ್ರ ಪಟ್ಟಿಯಲ್ಲಿವೆ. ಉಳಿದವುಗಳನ್ನು ಆ್ಯಪ್ ಕಡೆಯಲ್ಲೇ ಕನ್ನಡ ಲಿಪಿಗೆ ತಿರುಗಿಸಿ ಆಮೇಲೆ ಸೇವೆಗೆ ಕಳಿಸುವ ಕೋಡನ್ನು ಈಗ ಬರೆಯುತ್ತಿದ್ದೇವೆ.